ಮದ್ದಿನ ಮನೆ ಬೇರೆ, ಮಲಗುವ ಮನೆ ಬೇರೆ

ತಮ್ಮಾ, ಡ್ರೋನ್ ಹಾರಿಸುವುದನ್ನು ನಾನು ನಿನಗೆ ಕಲಿಸಬೇಕಾಗಿಲ್ಲ. ತರಬೇತಿ ಮುಗಿಸಿದ್ದೀಯ, ರಿಮೋಟ್ ಪೈಲಟ್ ಸರ್ಟಿಫಿಕೇಟ್ ಕೈಗೆ ಬಂದಿದೆ. ವನದುರ್ಗದ ಹೊಲಗಳ ಮೇಲೆ ನೀನು ಕೀಟನಾಶಕದ ಎಣ್ಣಿ ಹೊಡೆಯುವುದನ್ನು ಬದುವಿನ ಮೇಲೆ ನಿಂತು ನೋಡಿದ್ದೇನೆ, ಕೈ ಚಲೋ ಕೂತಿದೆ. ನಾನು ಹೇಳಬೇಕೆಂದಿರುವುದು ಡ್ರೋನ್ ನೆಲಕ್ಕಿಳಿದ ಮೇಲಿನ ಮಾತು. ದಿನದ ಕೆಲಸ ಮುಗಿಸಿ, ಬ್ಯಾಟರಿ ಬಿಚ್ಚಿ, ಬೈಕಿಗೆ ಹೇರಿಕೊಂಡು ಮನೆಗೆ ಬಂದು, ಪಡಸಾಲೆಯ ಮೂಲೆಯಲ್ಲಿ ಚಾರ್ಜಿಗೆ ಹಚ್ಚಿ ಊಟಕ್ಕೆ ಕೂಡುತ್ತೀಯಲ್ಲ, ಆ ಮೂಲೆಯ ಮಾತು.

ದೀಪಾವಳಿ ಆದ ಮೇಲೆ ಆ ಮೂಲೆಯಿಂದ ನಾಲ್ಕು ಮೊಳ ದೂರದಲ್ಲಿ ಏನಿರುತ್ತದೆ ಹೇಳು? ಹತ್ತಿ. ಬಿಡಿಸಿ ತಂದು, ದರ ಏರಲಿ ಎಂದು ಕಾಯುತ್ತ, ತೊಲೆಯ ತನಕ ಒಟ್ಟಿದ ಹತ್ತಿ. ಶಹಾಪುರ, ಸುರಪುರ ಸೀಮೆಯಲ್ಲಿ ಒಕ್ಕಲುತನದ ಮನೆ ಎಂದರೆ ವರ್ಷದಲ್ಲಿ ಎರಡು ಮೂರು ತಿಂಗಳು ಮಾಲಿನ ನಡುವೆಯೇ ಬದುಕು. ಆ ದಿನಗಳಲ್ಲಿ ಬೀಡಿ ಸೇದುವವರನ್ನು ಒಳಗೆ ಬಿಡುವುದಿಲ್ಲ, ದೇವರ ದೀಪವನ್ನೂ ದೂರ ಸರಿಸಿ ಇಡುತ್ತೇವೆ. ಬ್ಯಾಟರಿಯನ್ನು ಮಾತ್ರ ಯಾರೂ ತಡೆಯುವುದಿಲ್ಲ, ಏಕೆಂದರೆ ಅದು ಬೆಂಕಿಯ ಜಾತಿಯದೆಂದು ಯಾರಿಗೂ ಅನಿಸುವುದಿಲ್ಲ.

ನನಗೆ ಅನಿಸುತ್ತದೆ. ಊರಿನವರು ನಾನು ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದೆ ಎಂದುಕೊಂಡಿದ್ದಾರೆ. ನಾನಿದ್ದದ್ದು ಬ್ಯಾಟರಿ ರೂಮಿನಲ್ಲಿ. ಹೆಲಿಕಾಪ್ಟರಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬಿಚ್ಚಿ ತಂದು, ಒರೆಸಿ, ಒಂದೊಂದು ಸೆಲ್ಲಿನ ವೋಲ್ಟೇಜನ್ನು ಕಾರ್ಡಿನಲ್ಲಿ ಬರೆದು, ಚಾರ್ಜ್ ಮಾಡಿ ಮರಳಿ ಕೊಡುವುದು ನಮ್ಮ ಕೆಲಸ. ಸೀಸ-ಆಸಿಡ್ ಬ್ಯಾಟರಿಗೆ ಒಂದು ಕೋಣೆ, ನಿಕಲ್ ಬ್ಯಾಟರಿಗೆ ಇನ್ನೊಂದು. ಒಂದರ ಆಸಿಡ್ ಆವಿ ಇನ್ನೊಂದರ ಕ್ಷಾರವನ್ನು ಕೆಡಿಸುತ್ತದೆಂದು ಪಾನಾ, ಹೈಡ್ರೋಮೀಟರ್ ಕೂಡ ಬೇರೆ ಬೇರೆ. ಎಕ್ಸಾಸ್ಟ್ ಫ್ಯಾನ್ ತಿರುಗದೆ ಚಾರ್ಜರಿನ ಸ್ವಿಚ್ಚಿಗೆ ಕೈ ಹಚ್ಚುವಂತಿರಲಿಲ್ಲ. ಆ ನಿಕಲ್ ಬ್ಯಾಟರಿಗೂ ಒಂದು ಹುಚ್ಚು ಇತ್ತು: ಕಾದಷ್ಟೂ ಹೆಚ್ಚು ಕರೆಂಟ್ ಎಳೆಯುವುದು, ಎಳೆದಷ್ಟೂ ಇನ್ನೂ ಕಾಯುವುದು. ಅದಕ್ಕೇ ಅಂಥ ಬ್ಯಾಟರಿ ಹೊತ್ತ ಎಷ್ಟೋ ವಿಮಾನಗಳಲ್ಲಿ ಪೈಲಟ್‌ನ ಕಣ್ಣೆದುರಿಗೆ ಬ್ಯಾಟರಿಯ ಬಿಸಿ ತೋರಿಸುವ ಮೀಟರ್ ಇರುತ್ತದೆ. ನಿನ್ನ ಲಿಥಿಯಂ ಬ್ಯಾಟರಿ ಅದಕ್ಕಿಂತ ಹಗುರ, ಅದಕ್ಕಿಂತ ಬಲಶಾಲಿ, ಅದಕ್ಕಿಂತ ಮುಂಗೋಪಿ.

ನಿನ್ನದು ಬರೀ ಡ್ರೋನ್ ಎಂದು ಹಗುರಾಗಿ ತಿಳಿಯಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಅದು ಮಾನವರಹಿತ ವಿಮಾನ. ಎರಡು ಕಿಲೋ ಮೀರಿ ಇಪ್ಪತ್ತೈದು ಕಿಲೋ ಒಳಗಿನದು ‘ಸಣ್ಣ’ ವರ್ಗ, ನಿನ್ನ ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಅದೇ ವರ್ಗದ್ದು. ವಿಮಾನ ಇಟ್ಟುಕೊಂಡವನು ವಿಮಾನದವರ ಶಿಸ್ತನ್ನೂ ಇಟ್ಟುಕೊಳ್ಳಬೇಕು. ಆ ಶಿಸ್ತಿನಲ್ಲಿ ಮೊದಲ ಪಾಠವನ್ನು ದೊಡ್ಡ ವಿಮಾನದಿಂದಲೇ ಹೇಳುತ್ತೇನೆ.

2013ರ ಜನವರಿ 7ರಂದು ಅಮೆರಿಕದ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಜಪಾನಿನ ಒಂದು ಬೋಯಿಂಗ್ 787 ಬಂದು ನಿಂತಿತ್ತು. ಪ್ರಯಾಣಿಕರೆಲ್ಲ ಇಳಿದಿದ್ದರು. ಹಿಂದಿನ ಭಾಗದಲ್ಲಿದ್ದ ಲಿಥಿಯಂ ಬ್ಯಾಟರಿಯಿಂದ ಹೊಗೆ ಎದ್ದಿತು. ಎಂಟು ಸೆಲ್ಲಿನ ಒಂದು ಪೆಟ್ಟಿಗೆ ಅದು, ಆರಿಸಲು ಅಗ್ನಿಶಾಮಕರಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಒಂಬತ್ತು ದಿನ ಬಿಟ್ಟು ಇನ್ನೊಂದು 787 ಬ್ಯಾಟರಿಯ ಕಾರಣಕ್ಕೇ ಜಪಾನಿನ ತಕಮಾತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಜಗತ್ತಿನಲ್ಲಿ ಆ ಜಾತಿಯ ವಿಮಾನ ಎಷ್ಟಿದ್ದವೋ ಎಲ್ಲವನ್ನೂ ನೆಲಕ್ಕೆ ಕಟ್ಟಿಹಾಕಿದರು, ನಮ್ಮ ಏರ್ ಇಂಡಿಯಾದ ಆರು ಕೂಡ. ಮತ್ತೆ ಹಾರಲು ಮೂರು ತಿಂಗಳ ಮೇಲಾಯಿತು. ಒಂದು ಸೆಲ್ಲಿನೊಳಗೆ ಶಾರ್ಟ್ ಆಗಿ, ಆ ಬಿಸಿ ಪಕ್ಕದ ಸೆಲ್ಲುಗಳಿಗೆ ಹಬ್ಬಿತ್ತೆಂದು ತನಿಖೆಯಲ್ಲಿ ತಿಳಿಯಿತು.

ಈಗ ಬೋಯಿಂಗ್‌ನವರು ಮಾಡಿದ ಉಪಾಯ ಏನೆಂದು ಕೇಳು. ಸೆಲ್ಲುಗಳ ನಡುವೆ ತಡೆ ಹೆಚ್ಚಿಸಿದರು, ಚಾರ್ಜರ್ ಸುಧಾರಿಸಿದರು. ಅಷ್ಟು ಸಾಲದೆಂದು ಇಡೀ ಬ್ಯಾಟರಿಯನ್ನು ದಪ್ಪ ಉಕ್ಕಿನ ಪೆಟ್ಟಿಗೆಯೊಳಗೆ ಕೂರಿಸಿ, ಆ ಪೆಟ್ಟಿಗೆಯಿಂದ ವಿಮಾನದ ಹೊರಮೈಗೆ ಒಂದು ಕೊಳವೆ ಕೊಟ್ಟರು. ಹೊತ್ತಿದರೆ ಆ ಪೆಟ್ಟಿಗೆಯಲ್ಲೇ ಹೊತ್ತಲಿ, ಹೊಗೆ ಹೊರಗೆ ಹೋಗಲಿ, ಜನ ಕೂತಲ್ಲಿಗೆ ಬಾರದಿರಲಿ ಎಂದು. ಜಗತ್ತಿನ ದೊಡ್ಡ ಇಂಜಿನಿಯರುಗಳೆಲ್ಲ ಕೂಡಿ ‘ಇದು ಹೊತ್ತುವುದೇ ಇಲ್ಲ’ ಎನ್ನಲಿಲ್ಲ. ಹೊತ್ತುತ್ತದೆಂದು ತಿಳಿದುಕೊಂಡು ಹೊತ್ತಲಿಕ್ಕೆ ಒಂದು ಜಾಗ ಮಾಡಿದರು. ನಾನು ನಿನಗೆ ಹೇಳುವುದೂ ಇಷ್ಟೇ. ಬ್ಯಾಟರಿಯನ್ನು ಎಷ್ಟು ಜೋಪಾನ ಮಾಡಿದರೂ ಒಂದು ದಿನ ಹೊತ್ತೀತೆಂದು ತಿಳಿ. ಹೊತ್ತುವ ಜಾಗ ಯಾವುದೆಂದು ಇವತ್ತೇ ನೀನು ಗೊತ್ತು ಮಾಡು. ಅದನ್ನು ಬ್ಯಾಟರಿಗೆ ಬಿಡಬೇಡ.

ಹಳೆಯ ಕೋಟೆಗಳಲ್ಲಿ ಇದನ್ನು ಮಾಡಿಯೇ ಇದ್ದರು. ಶ್ರೀರಂಗಪಟ್ಟಣಕ್ಕೆ ಹೋದರೆ ನೆಲದಲ್ಲಿ ಅರ್ಧ ಹುದುಗಿಸಿದಂತೆ ಕಟ್ಟಿದ ಟಿಪ್ಪುವಿನ ಮದ್ದಿನ ಮನೆಗಳನ್ನು ತೋರಿಸುತ್ತಾರೆ. ಜೋಡಿ ರೈಲು ಹಳಿಗೆ ಅಡ್ಡ ಬಂದ ಒಂದನ್ನು 2017ರಲ್ಲಿ ಕೆಡವದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ದಪ್ಪ ಗೋಡೆ, ಸಣ್ಣ ಬಾಗಿಲು, ಸುತ್ತ ಬಯಲು. ನಮ್ಮ ವನದುರ್ಗದ ಕೋಟೆ ಸುರಪುರದ ನಾಯಕರ ಕಾಲದ್ದು, ಮದ್ದು-ಗುಂಡಿನ ಕಾಲದ್ದೇ. ಆ ಕಾಲದವರು ಯಾರೂ ಮದ್ದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಲಿಲ್ಲ.

ಮದ್ದಿಗೆ ಬ್ಯಾಟರಿಯನ್ನು ಹೋಲಿಸಿದ್ದು ಅತಿಯಾಯಿತು ಎನ್ನುತ್ತೀಯಾ? ಲೆಕ್ಕ ಮಾಡು. ಒಂದು ಹಾರಾಟಕ್ಕೆ ನಿನಗೆ ಎರಡು ಬ್ಯಾಟರಿ ಬೇಕು. ಒಂದೊಂದರ ಮೈಮೇಲೆ 22.2 ವೋಲ್ಟ್, 16,000 ಮಿಲಿ ಆಂಪ್-ಅವರ್ ಎಂದು ಬರೆದಿದೆ. ಗುಣಿಸಿದರೆ ಒಂದಕ್ಕೆ 355 ವ್ಯಾಟ್-ಅವರ್, ಜೋಡಿಗೆ 710. ಕಿಸೆಯಲ್ಲಿರುವ ನಿನ್ನ ಮೊಬೈಲಿನದು ಇಪ್ಪತ್ತರ ಆಜುಬಾಜು. ಎಂದರೆ ಒಂದು ಜೋಡಿಯಲ್ಲಿ ಮೂವತ್ತೈದು ಮೊಬೈಲ್ ಕೂಡಿ ಕೂತಿವೆ. ಪ್ರಯಾಣಿಕರ ವಿಮಾನದಲ್ಲಿ ಕೈಚೀಲದೊಳಗೆ 100 ವ್ಯಾಟ್-ಅವರ್ ತನಕದ ಬ್ಯಾಟರಿ ಒಯ್ಯಬಹುದು. ಅಲ್ಲಿಂದ 160ರ ತನಕ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದರ ಮೇಲಿನದನ್ನು ಹತ್ತಿಸುವುದೇ ಇಲ್ಲ. ನಾಳೆ ನೀನು ವಿಮಾನ ಹತ್ತುವಾಗ ನಿನ್ನ ಒಂದೇ ಒಂದು ಬ್ಯಾಟರಿಯನ್ನು ಕೊಂಡೊಯ್ಯಲು ಬಿಡುವುದಿಲ್ಲ. ವಿಮಾನದವರು ಒಂದನ್ನು ಒಲ್ಲೆ ಎನ್ನುವ ವಸ್ತುವಿನ ಹತ್ತನ್ನು ನೀನು ಹತ್ತಿಯ ಮಗ್ಗುಲಲ್ಲಿ ಸಾಲಾಗಿ ಇಡುತ್ತೀಯ.

ಅದರ ಒಳಗೇನಿದೆ ಎಂಬುದನ್ನೂ ತಿಳಿದುಕೋ. ತಾಮ್ರದ ತೆಳುಹಾಳೆಯ ಮೇಲೆ ಗ್ರಾಫೈಟ್, ಅಲ್ಯೂಮಿನಿಯಂ ಹಾಳೆಯ ಮೇಲೆ ಲೋಹದ ಆಕ್ಸೈಡ್, ಎರಡರ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ. ಇವು ಪದರ ಪದರವಾಗಿ, ಹೊತ್ತಿ ಉರಿಯುವ ಒಂದು ದ್ರವದಲ್ಲಿ ನೆಂದಿರುತ್ತವೆ. ಬಿದ್ದು ಜಜ್ಜಿದರೆ, ಮೊಳೆ ಚುಚ್ಚಿದರೆ, ಮಿತಿಮೀರಿ ಚಾರ್ಜ್ ಆದರೆ, ಹೊರಗಿನ ಬಿಸಿಗೆ ಕಾದರೆ ಆ ಪರದೆ ಸೋಲುತ್ತದೆ. ಸುಮಾರು 130 ಡಿಗ್ರಿಗೆ ಅದು ಕರಗುತ್ತದೆ. ಎರಡೂ ಕಡೆ ಕೂಡಿದರೆ ಶಾರ್ಟ್, ಶಾರ್ಟಿನಿಂದ ಇನ್ನಷ್ಟು ಬಿಸಿ, ಆ ಬಿಸಿಗೆ ಪಕ್ಕದ ಸೆಲ್. ಬೆಂಕಿಗೆ ಬೇಕಾದ ಉರುವಲು, ಕಿಡಿ ಎರಡೂ ಚೀಲದೊಳಗೇ ಇವೆ. ಕಂಬಳಿ ಹೊದಿಸಿದರೆ ಕಟ್ಟಿಗೆಯ ಬೆಂಕಿ ಉಸಿರುಗಟ್ಟಿ ಸಾಯುತ್ತದೆ, ಇದು ಒಳಗೊಳಗೇ ಕಾಯುತ್ತ ಹೋಗುತ್ತದೆ.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷವಾಯು ಇರುತ್ತದೆ, ಕಣ್ಣು ಮತ್ತು ಪುಪ್ಪುಸದ ತೇವಕ್ಕೆ ತಾಗಿದರೆ ಆಸಿಡ್ ಆಗುತ್ತದೆ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಗಾಡಿ ಹೊತ್ತಿತು. ಮಲಗಿದ್ದ ತಂದೆ, ಮಗಳು ಹೊಗೆಯಲ್ಲಿ ಉಸಿರುಗಟ್ಟಿ ಹೋದರು. ಅದೇ ವರ್ಷದ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಾರುವ ಅಂಗಡಿಗೆ ಬೆಂಕಿ ಬಿದ್ದು, ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲಿನ ಲಾಡ್ಜಿಗೆ ಏರಿ ಎಂಟು ಜನ ಸತ್ತರು. ಯಾದಗಿರಿಯಿಂದ ರೈಲು ಹತ್ತಿ ನಮ್ಮವರು ದುಡಿಯಲು ಹೋಗುವ ಊರು ಅದು. ಅಲ್ಲಿ ಸತ್ತವರಲ್ಲಿ ಯಾರೂ ಬ್ಯಾಟರಿ ಮುಟ್ಟಿದವರಲ್ಲ. ಮೇಲಿನ ಲಾಡ್ಜಿನಲ್ಲಿ ತಂಗಿದ್ದರು, ಅಷ್ಟೇ. ನಿನ್ನ ಬ್ಯಾಟರಿ ಮನೆಯೊಳಗೆ ಹೊತ್ತಿದರೆ ಅದನ್ನು ಅನುಭವಿಸುವವರೂ ಡ್ರೋನಿನ ಗೊಡವೆಯೇ ಇಲ್ಲದವರು: ಒಳಗೆ ಮಲಗಿದ ನಿನ್ನ ಅವ್ವ, ನಿನ್ನ ತಂಗಿಯ ಕೂಸು.

ಆದ್ದರಿಂದ ಮೊದಲ ಕೆಲಸ, ಗೌಂಡಿಯನ್ನು ಕರೆಸು. ಅಂಗಳದ ಬಯಲಲ್ಲಿ, ಮನೆಯ ಗೋಡೆಯಿಂದ ಹತ್ತು ಹದಿನೈದು ಹೆಜ್ಜೆ ದೂರ, ಮೇವಿನ ಬಣವಿ ಮತ್ತು ತೊಗರಿ ಕಟ್ಟಿಗೆಯಿಂದ ಅದಕ್ಕಿಂತ ದೂರ, ಸೊಂಟದೆತ್ತರದ ಒಂದು ಗೂಡು ಕಟ್ಟಿಸು. ನಮ್ಮ ಸೀಮೆಗೆ ಶಹಾಬಾದ್ ಫರಸಿಯ ಬರ ಇಲ್ಲ. ಮೂರು ಕಡೆ ಇಟ್ಟಂಗಿ ಗೋಡೆ, ತಳಕ್ಕೆ ಫರಸಿ, ಮೇಲೆ ಫರಸಿ. ಮನೆಗೆ ಬೆನ್ನು ಮಾಡಿ ಬಯಲಿಗೆ ಬಾಯಿ ತೆರೆದಿರಲಿ, ಬಾಯಿಗೆ ಜಾಳಿಗೆಯ ಬಾಗಿಲು ಸಾಕು. ಒಳಗೆ ಇಟ್ಟಂಗಿ ನಿಲ್ಲಿಸಿ ಬ್ಯಾಟರಿಗೊಂದು ಖಾನೆ ಮಾಡು, ಒಂದು ಹೊತ್ತಿದರೆ ಮಗ್ಗುಲಿನದಕ್ಕೆ ಹಬ್ಬುವುದು ತಡವಾಗಲಿ. ಮೇಲೆ ಸುಣ್ಣ ಬಳಿ, ಬಿಸಿಲು ಕಡಿಮೆ ಹೀರುತ್ತದೆ. ಬೇವಿನ ಗಿಡದ ನೆರಳು ಸಿಕ್ಕರೆ ಒಳ್ಳೆಯದು, ತರಗನ್ನು ಮಾತ್ರ ದಿನಾ ಗುಡಿಸಬೇಕು. ಕೆಲವರು ಬಿಗಿಯಾದ ಕಬ್ಬಿಣದ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಾರೆ. ಅದು ತಪ್ಪು. ಹೊತ್ತಿದ ಬ್ಯಾಟರಿ ಅನಿಲ ಉಗುಳುತ್ತದೆ, ದಾರಿ ಸಿಗದಿದ್ದರೆ ಟ್ರಂಕೇ ಸಿಡಿಯುತ್ತದೆ. ಬೋಯಿಂಗ್‌ನವರು ಪೆಟ್ಟಿಗೆಯ ಜೊತೆ ಕೊಳವೆಯನ್ನೂ ಇಟ್ಟದ್ದು ಸುಮ್ಮನೆ ಅಲ್ಲ.

ಆ ಗೂಡಿನ ಬಳಿ ಎಣ್ಣಿ ಡಬ್ಬಿಗಳನ್ನು ಇಡಬೇಡ. ಹತ್ತಿಗೆ, ಭತ್ತಕ್ಕೆ ಹೊಡೆಯುವ ಎಷ್ಟೋ ಔಷಧಿಗಳು ಉರಿಯುವ ದ್ರಾವಕದಲ್ಲೇ ಕರಗಿರುತ್ತವೆ. ಬ್ಯಾಟರಿ, ಔಷಧಿ, ಜನರೇಟರಿನ ಪೆಟ್ರೋಲ್ ಮೂರೂ ಒಂದೇ ಸೂರಿನಡಿ ಇದ್ದರೆ ನಿನಗೆ ಮತ್ತೆ ಬೇರೆ ವೈರಿ ಬೇಕಿಲ್ಲ.

ಎರಡನೆಯದು ಕರೆಂಟ್. ನಿನ್ನ ಫಾಸ್ಟ್ ಚಾರ್ಜರ್ ಪೂರ್ತಿ ಓಡಿದರೆ ಮೂರು ಸಾವಿರ ವ್ಯಾಟ್, ಹದಿಮೂರು ಆಂಪಿಯರ್ ಎಳೆಯುತ್ತದೆ. ಟಿ.ವಿ.ಗೆ ಹಚ್ಚುವ ಎಕ್ಸ್‌ಟೆನ್ಷನ್ ಬೋರ್ಡ್ ಆರು ಆಂಪಿಯರಿನದು. ಮುಟ್ಟಿ ನೋಡಿದರೆ ವೈರು ಬೆಚ್ಚಗಿರುತ್ತದಲ್ಲ, ಅದು ನಿನಗೆ ಕೊಡುವ ಮೊದಲ ನೋಟಿಸು. ಮೀಟರಿನಿಂದ ಗೂಡಿಗೆ ಬೇರೆ ಲೈನ್ ಎಳೆಸಿ, ಹದಿನಾರು ಆಂಪಿಯರ್ ಸಾಕೆಟ್, ಎಂ.ಸಿ.ಬಿ., ಗಟ್ಟಿ ಅರ್ಥಿಂಗ್ ಹಾಕಿಸು. ಸ್ವಿಚ್ ಗೂಡಿನ ಬಳಿ ಬೇಡ, ಮನೆಯ ಹೊರಗೋಡೆಗೆ ಇರಲಿ. ಗೂಡಿನಲ್ಲಿ ಬೆಂಕಿ ಎದ್ದರೆ ಬೆಂಕಿಗೆ ಕೈ ಚಾಚದೆ ಕರೆಂಟ್ ತೆಗೆಯಲಾಗಬೇಕು.

ಮೂರನೆಯದು ಚಾರ್ಜಿನ ಹೊತ್ತು. ರಾತ್ರಿ ಹಚ್ಚಿ ಬೆಳಿಗ್ಗೆ ತೆಗೆಯುವ ರೂಢಿ ಬಿಡು. ಚಾರ್ಜ್ ಆಗುವಾಗ ಎಚ್ಚರವಿದ್ದವರೊಬ್ಬರು ಕಣ್ಣಳತೆಯಲ್ಲಿರಬೇಕು. ನಿನ್ನ ಕೆಲಸಕ್ಕೆ ಇದು ಹೊಂದಿಕೆಯಾಗುತ್ತದೆ. ಗಾಳಿ ಬೀಸದ ಬೆಳಗಿನ ಹೊತ್ತು ಮತ್ತು ಇಳಿಹೊತ್ತು ಎಣ್ಣಿ ಹೊಡೆಯುವ ಹೊತ್ತು. ನಡುಮಧ್ಯಾಹ್ನ ಗಾಳಿಗೆ ಔಷಧಿ ತೂರಿಹೋಗುತ್ತದೆ, ಹಾರಿಸುವಂತಿಲ್ಲ. ಆ ಹೊತ್ತು ಬ್ಯಾಟರಿ ಆರುವುದಕ್ಕೂ ತುಂಬುವುದಕ್ಕೂ ಇರಲಿ. ಇಳಿದ ಕೂಡಲೇ ಮುಟ್ಟಿದರೆ ಚುರ್ ಎನ್ನುವ ಬ್ಯಾಟರಿಯನ್ನು ಆಗಲೇ ಚಾರ್ಜಿಗೆ ಹಚ್ಚಬಾರದು. ಅಂಗೈ ಇಟ್ಟರೆ ನಿನ್ನ ಮೈಯಷ್ಟೇ ತಣ್ಣಗಾಗಿರಬೇಕು, ಅರ್ಧ ತಾಸಾದರೂ ನೆರಳಲ್ಲಿ ಇಡಬೇಕು. 45 ಡಿಗ್ರಿ ಮೀರಿದ ಲಿಥಿಯಂ ಬ್ಯಾಟರಿಗೆ ಕರೆಂಟ್ ಕೊಡಬಾರದೆಂದು ತಯಾರಕರೇ ಬರೆದಿರುತ್ತಾರೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಗಾಳಿಯೇ 40 ದಾಟುತ್ತದೆ. ಬೇಸಿಗೆ ಭತ್ತಕ್ಕೆ ಹೊಡೆಯಲು ಹೋದಾಗ ಕಾಲುವೆ ದಂಡೆಯಲ್ಲಿ ಮುಚ್ಚಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ಊಟಕ್ಕೆ ಕೂತರೆ, ಬ್ಯಾಟರಿ ನಿನಗಿಂತ ಮೊದಲು ಬೇಯುತ್ತದೆ.

ಸೆಲ್ಲಿನ ಲೆಕ್ಕವನ್ನು ಬಾಯಿಪಾಠ ಮಾಡಿಕೋ. ತುಂಬಿದಾಗ 4.2 ವೋಲ್ಟ್, ಅದರ ಮೇಲೆ ಹೋಗುವಂತಿಲ್ಲ. ಕೆಳಗೆ 3ಕ್ಕೆ ಇಳಿದರೆ ಒಳಗೆ ಕೆಟ್ಟಿತೆಂದೇ ತಿಳಿ, ಆದ್ದರಿಂದ ಅದಕ್ಕೆ ಬಹಳ ಮೊದಲೇ ಡ್ರೋನ್ ಇಳಿಸು. ಸುಗ್ಗಿ ಮುಗಿದು ಡ್ರೋನ್ ಒಂದೆರಡು ವಾರ ಸುಮ್ಮನಿರುವುದಾದರೆ 3.8ರ ಆಸುಪಾಸು ಇಡು, ಚಾರ್ಜರಿನಲ್ಲೇ ಅದಕ್ಕೆ ‘ಸ್ಟೋರೇಜ್’ ಎಂಬ ಆಯ್ಕೆ ಇದೆ. ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಬಿಟ್ಟ ಬ್ಯಾಟರಿ ಉಬ್ಬುತ್ತದೆ. ಬ್ಯಾಲೆನ್ಸ್ ವೈರು ಹಚ್ಚದೆ ಚಾರ್ಜ್ ಮಾಡಬೇಡ. ಆರು ಸೆಲ್ಲಿನಲ್ಲಿ ಒಂದು ಮಾತ್ರ ಹಿಂದೆ ಬಿದ್ದಿದ್ದರೆ ಅದು ಒಟ್ಟು ವೋಲ್ಟೇಜಿನಲ್ಲಿ ಕಾಣುವುದಿಲ್ಲ.

ಒಂದು ನೋಟುಬುಕ್ ಇಡು. ಪ್ರತಿ ಬ್ಯಾಟರಿಗೆ ಮಾರ್ಕರಿನಿಂದ ನಂಬರ್ ಬರೆ, ಕೊಂಡ ತಾರೀಖು ಬರೆ. ಎಷ್ಟು ಸಲ ಚಾರ್ಜ್ ಆಯಿತು, ಎಂದು ಬಿತ್ತು, ಯಾವ ಸೆಲ್ ಹಿಂದೆ ಬೀಳುತ್ತಿದೆ, ಎಲ್ಲ ಅದರಲ್ಲಿರಲಿ. ನಮ್ಮ ಬ್ಯಾಟರಿ ರೂಮಿನಲ್ಲಿ ಕಾರ್ಡ್ ಇಲ್ಲದ ಬ್ಯಾಟರಿಯನ್ನು ವಿಮಾನಕ್ಕೆ ಹಚ್ಚುತ್ತಿರಲಿಲ್ಲ. ಬ್ಯಾಟರಿ ಬಾಯಿಬಿಟ್ಟು ಹೇಳುವುದಿಲ್ಲ, ನೀನೇ ಬರೆದಿಡಬೇಕು.

ಕನೆಕ್ಟರನ್ನು ದಿನಾ ನೋಡು. ಔಷಧಿಯ ತುಂತುರು ತಾಗಿ ಹಸಿರು ಕಿಲುಬು ಹಿಡಿದಿದ್ದರೆ, ಪ್ಲಾಸ್ಟಿಕ್ ಕಪ್ಪಾಗಿದ್ದರೆ ಅಲ್ಲಿ ಕಿಡಿ ಏಳುತ್ತಿದೆ. ಸಾಗಿಸುವಾಗ ಬ್ಯಾಟರಿಯ ತುದಿಗಳಿಗೆ ಟೋಪಿ ಇರಲಿ. ಪಾನಾ, ಸ್ಕ್ರೂಡ್ರೈವರ್ ಇರುವ ಚೀಲದಲ್ಲಿ ಬ್ಯಾಟರಿ ಹಾಕಬೇಡ. ಕಾಲುವೆ ದಾರಿಯ ತಗ್ಗುದಿನ್ನೆಗೆ ಬೈಕ್ ಕುಣಿಯುತ್ತದೆ, ಒಳಗೆ ಸ್ಕ್ರೂಡ್ರೈವರ್ ಎಲ್ಲಿ ಚುಚ್ಚುತ್ತದೋ ಹೇಳಲಾಗದು.

ಡ್ರೋನ್ ಗಿಡಕ್ಕೋ ವೈರಿಗೋ ಬಡಿದು ಬಿತ್ತೆನ್ನು. ನಿನ್ನ ಜೀವವೆಲ್ಲ ರೆಕ್ಕೆ, ಮೋಟರಿನ ಮೇಲೆ ಇರುತ್ತದೆ. ಮೊದಲು ಬ್ಯಾಟರಿ ನೋಡು. ಹೊಗೆ, ಸುಯ್ ಎನ್ನುವ ಸದ್ದು, ಸಿಹಿ ಸಿಹಿಯಾದ ಪೇಂಟಿನಂಥ ವಾಸನೆ ಇದ್ದರೆ ಹತ್ತಿರ ಹೋಗಬೇಡ. ಏನೂ ಕಾಣದಿದ್ದರೆ ಬಿಚ್ಚಿ, ಬರಿ ನೆಲದ ಮೇಲೆ, ಬೆಳೆಯಿಂದ ದೂರ ಇಟ್ಟು ಒಂದು ತಾಸು ಕಾಯಿ. ಹೊರಗೆ ನೆಟ್ಟಗೆ ಕಾಣುವ ಬ್ಯಾಟರಿಯೊಳಗೆ ಜಜ್ಜಿದ ಪದರ ನಿಧಾನವಾಗಿ ಕಾಯುತ್ತಿರಬಹುದು. ಬಿದ್ದ ಬ್ಯಾಟರಿಯನ್ನು ಅಂದೇ ಮತ್ತೆ ಹಾರಿಸುವುದು, ಅಂದೇ ಮನೆಗೆ ತರುವುದು ಎರಡೂ ಬೇಡ. ಅಪಘಾತವಾದರೆ 48 ತಾಸಿನೊಳಗೆ ಡಿಜಿಟಲ್ ಸ್ಕೈ ಜಾಲತಾಣದ ಮೂಲಕ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಡಿ.ಜಿ.ಸಿ.ಎ.ಗೆ ತಿಳಿಸಬೇಕೆಂದು ನಿಯಮವೇ ಇದೆ. ಮುಚ್ಚಿಟ್ಟರೆ ವಿಮೆ ಕೇಳುವಾಗ ಬಾಯಿ ಕಟ್ಟುತ್ತದೆ.

ಹೊತ್ತೇಬಿಟ್ಟರೆ? ಮೊದಲು ಬಿಳಿ ಮಂಜಿನಂಥ ಹೊಗೆ ಬರುತ್ತದೆ. ಎತ್ತಿ ಹೊರಗೆ ಬಿಸಾಡೋಣ ಎಂದು ಕೈ ಮುಂದಾಗುತ್ತದೆ, ಪ್ರಾಯದ ಹುಡುಗರಿಗೆ ಅದೇ ಮೊದಲು ತೋಚುವುದು. ಮುಟ್ಟಬೇಡ. ಆ ಬಿಳಿ ಹೊಗೆಯೇ ಭಗ್ಗೆಂದು ಹೊತ್ತುವ ಅನಿಲ, ನಿನಗೆ ಸಿಗುವುದು ಕೆಲವೇ ಕ್ಷಣ. ಕರೆಂಟ್ ತೆಗೆ, ಜನರನ್ನು ದೂರ ಕಳಿಸು, ಗಾಳಿ ನಿನ್ನ ಬೆನ್ನಿಗೆ ಬರುವಂತೆ ನಿಲ್ಲು, 112ಕ್ಕೆ ಫೋನ್ ಮಾಡು. ಗೂಡಿನಲ್ಲಿ ಹೊತ್ತಿದ್ದರೆ ಅದು ತಾನೇ ಉರಿದು ಹೋಗಲಿ, ನೀನು ಸುತ್ತಲಿನ ಮೇವು, ಕಟ್ಟಿಗೆಗೆ ನೀರು ಹೊಡೆ. ಲಿಥಿಯಂಗೆ ನೀರು ತಾಗಿಸಲೇಬಾರದೆಂದು ಯಾರೋ ಹೇಳುತ್ತಾರೆ. ಚಾರ್ಜ್ ಮಾಡಿ ಬಳಸುವ ಈ ಜಾತಿಯ ಬ್ಯಾಟರಿಗೆ ತಂಪು ಕೊಡುವುದು ನೀರೇ. ಆದರೆ ಚೊಂಬು ಕೊಡಗಳಿಂದ ಆಗುವ ಕೆಲಸವಲ್ಲ, ದೂರದಿಂದ ಪೈಪಿನಲ್ಲಿ ಬಹಳ ಹೊತ್ತು ಸುರಿಯಬೇಕು. ಪುಡಿ ಉಗುಳುವ ಕೆಂಪು ಸಿಲಿಂಡರ್ ಮೇಲಿನ ಜ್ವಾಲೆಯನ್ನು ತಗ್ಗಿಸುತ್ತದೆ, ಒಳಗಿನ ಬಿಸಿಯನ್ನು ಇಳಿಸುವುದಿಲ್ಲ. ಆರಿತೆಂದು ಕಂಡದ್ದು ತಾಸುಗಟ್ಟಲೆ ಬಿಟ್ಟು ಮತ್ತೆ ಹೊತ್ತಬಹುದು. ಒಂದು ಹಗಲು ಒಂದು ರಾತ್ರಿ ಅದನ್ನು ಬಯಲಲ್ಲೇ ಬಿಡು. ಇನ್ನೊಂದು: ಡ್ರೋನಿನ ಟ್ಯಾಂಕಿನಲ್ಲಿರುವ ಔಷಧಿ ನೀರನ್ನು ಬೆಂಕಿಗೆ ಸುರಿಯಬೇಡ, ವಿಷದ ಹೊಗೆಗೆ ಇನ್ನೊಂದು ವಿಷ ಕೂಡುತ್ತದೆ.

ಉಬ್ಬಿದ ಬ್ಯಾಟರಿಯ ಮಾತು ಕೊನೆಯದು, ಬಹಳ ಕಷ್ಟದ್ದೂ ಹೌದು. ದುಬಾರಿ ವಸ್ತು, ಎಸೆಯಲು ಮನಸ್ಸು ಬರುವುದಿಲ್ಲ. ಇನ್ನೊಂದು ಹತ್ತು ಎಕರೆ ಆಗಲಿ ಎನಿಸುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಎನ್ನುವವರೂ ಸಿಗುತ್ತಾರೆ. ಅವರ ಮಾತು ಕೇಳಿದವನ ಕೈ ಸುಡುತ್ತದೆ. ಉಬ್ಬಿದ ದಿನವೇ ನೋಟುಬುಕ್ಕಿನಲ್ಲಿ ಅದರ ನಂಬರಿಗೆ ಗೀಟು ಹಾಕು. ಗೂಡಿನ ಕೊನೆಯ ಖಾನೆಯಲ್ಲಿ ಬೇರೆಯಾಗಿ ಇಟ್ಟು, ಮಾರಿದವರಿಗೆ ಫೋನ್ ಮಾಡು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಮಾರಬೇಡ, ಅವನು ಅದನ್ನು ಸುತ್ತಿಗೆಯಿಂದ ಒಡೆಯುತ್ತಾನೆ. ಬಾವಿಗೆ, ಕಾಲುವೆಗೆ ಎಸೆಯುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನಿನ್ನನ್ನು ಕೆಡಿಸುವುದು ಯಾವುದೆಂದು ನನಗೆ ಗೊತ್ತಿದೆ: ಅವಸರ. ಹತ್ತಿಗೆ ಹುಳ ಬಿದ್ದಾಗ ಊರೆಲ್ಲ ಒಂದೇ ದಿನ ಫೋನ್ ಮಾಡುತ್ತದೆ. ಒಬ್ಬರ ಹೊಲ ಮುಗಿಯುವ ಮೊದಲೇ ಮಗ್ಗುಲಿನವರು ಬಂದು ನಿಲ್ಲುತ್ತಾರೆ, ಎಕರೆ ಲೆಕ್ಕದಲ್ಲಿ ರೊಕ್ಕ ಕಣ್ಣಿಗೆ ಕಾಣುತ್ತದೆ. ಆಗಲೇ ಬಿಸಿ ಬ್ಯಾಟರಿ ಚಾರ್ಜಿಗೆ ಹೋಗುವುದು, ಆಗಲೇ ಉಬ್ಬಿದ್ದು ಇನ್ನೊಮ್ಮೆ ಹಾರುವುದು. 2023ರ ಕೊನೆಗೆ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಗಳಿಗೆ ಡ್ರೋನಿನ ಜೊತೆ ಒಂದು ಬ್ಯಾಟರಿ ಸೆಟ್, ಮೇಲೆ ಇನ್ನೂ ನಾಲ್ಕು ಸೆಟ್ ಕೊಡುತ್ತಾರೆ. ಅಷ್ಟಿದ್ದರೂ ಅವರ ಲೆಕ್ಕ ದಿನಕ್ಕೆ ಇಪ್ಪತ್ತು ಎಕರೆಯದು. ಸರ್ಕಾರದ ಕಾಗದವೇ ಇಪ್ಪತ್ತು ಎನ್ನುವಾಗ ನೀನು ನಲವತ್ತು ಮಾಡುತ್ತೇನೆಂದರೆ, ಆ ಉಳಿದ ಇಪ್ಪತ್ತನ್ನು ಬ್ಯಾಟರಿಯ ಆಯುಷ್ಯದಿಂದ ಕಡ ತರುತ್ತಿದ್ದೀಯ. ನಮ್ಮ ಸುತ್ತಲಿನ ಊರುಗಳಲ್ಲಿ ಸಂಘದ ಹೆಣ್ಣುಮಕ್ಕಳು ಡ್ರೋನ್ ಹಿಡಿದು ನಿಂತಾಗ, ಮೊದಲೇ ಕಲಿತ ನಿನ್ನನ್ನು ನೋಡಿ ಕಲಿಯುತ್ತಾರೆ. ನೀನು ಪಡಸಾಲೆಯಲ್ಲಿ ಚಾರ್ಜ್ ಮಾಡಿದರೆ ಅವರೂ ಅದನ್ನೇ ಮಾಡುತ್ತಾರೆ.

ಔಷಧಿ ಎಷ್ಟು, ನೀರು ಎಷ್ಟು ಎಂದು ಕೇಳಲು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಭೀಮರಾಯನಗುಡಿಯ ಕೃಷಿ ಕಾಲೇಜು ಇದೆ. ಹಾರಾಟದ ಅನುಮಾನಕ್ಕೆ ನಿನಗೆ ಕಲಿಸಿದವರಿದ್ದಾರೆ. ಬ್ಯಾಟರಿ ಕಾಯುವುದನ್ನು ಸಣ್ಣ ಕೆಲಸವೆನ್ನಬೇಡ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್.ಎ.ಎಲ್.ನವರು ಬ್ಯಾಟರಿಯಿಂದಲೇ ಹಾರುವ ಇಬ್ಬರು ಕೂರುವ ತರಬೇತಿ ವಿಮಾನ ‘ಇ-ಹಂಸ’ ಮಾಡುತ್ತಾರೆಂದು 2025ರಲ್ಲಿ ಪೇಪರಿನಲ್ಲಿ ಓದಿದೆ. ಮುಂದಿನ ಕಾಲ ನಿಮ್ಮದೇ, ಬ್ಯಾಟರಿಯ ಕೆಲಸ ಬಲ್ಲವನಿಗೆ ಅನ್ನಕ್ಕೆ ಕೊರತೆ ಆಗದು. ಎಣ್ಣಿ ಹೊಡೆಯುವವನೆಂದು ಯಾರಾದರೂ ಹೇಳಿಕೊಂಡಾರು. ವಿಮಾನದ ಬ್ಯಾಟರಿ ಕಾಯ್ದವನೆಂದು ಹೇಳಿಕೊಳ್ಳಲು ನೋಟುಬುಕ್ ಬೇಕು, ಗೂಡು ಬೇಕು, ಬೇಡ ಎನ್ನುವ ಬಾಯಿ ಬೇಕು.

ಆ ಬೇಡ ಎನ್ನುವುದೇ ನಿನಗೆ ತ್ರಾಸು. ಹಿರಿಯರು ಬಂದು ‘ಇನ್ನೆರಡು ಎಕರೆ ಹೊಡದು ಹೋಗೋ ತಮ್ಮಾ’ ಎಂದರೆ ನಿನ್ನ ವಯಸ್ಸಿನವನು ಹೇಗೆ ಒಲ್ಲೆ ಎಂದಾನು? ಅದಕ್ಕೆ ನನ್ನನ್ನು ಮುಂದೆ ಮಾಡು. ‘ಬ್ಯಾಟರಿ ಆರಬೇಕ್ರಿ ಕಾಕಾ, ನಾಳೆ ಹೊತ್ತು ಏರೋದರೊಳಗ ಬರತೀನಿ. ಇವತ್ತ ಹಾರಿಸಿದರ ಮುತ್ಯಾ ಬಿಡಂಗಿಲ್ಲ’ ಎಂದು ಹೇಳು. ಬೈದರೆ ನನ್ನನ್ನು ಬೈಯಲಿ. ಗೂಡಿಗೆ ಬೇಕಾದ ಫರಸಿ ನಮ್ಮ ಹಿತ್ತಲಲ್ಲಿ ಬಿದ್ದಿವೆ, ಹತ್ತಿ ಬಿಡಿಸಲು ಶುರುವಾಗುವ ಮೊದಲು ಟ್ರ್ಯಾಕ್ಟರ್ ತಂದು ಒಯ್ಯಿ.